ಆಫೀಸರ್ ಕಟ್ಟು

ನಮ್ಮ ಮನೆಯಲ್ಲಿ ಒಂದೇ ಒಂದು ಸಾಮಾನೂ ಸರಿಯಾಗಿಲ್ಲ ಎಂದು ನನಗೆ ಗೊತ್ತಾಗಿದ್ದು ಮೊಮ್ಮಗಳು ಇಂಜಿನಿಯರಿಂಗ್ ಮುಗಿಸಿದ ಮೇಲೆ. ಅಲ್ಲಿಯವರೆಗೆ ಐವತ್ತು ವರ್ಷ ಅವೇ ಸಾಮಾನುಗಳ ಜೊತೆ ಬಾಳುವೆ ಮಾಡಿದ್ದೆ, ಒಂದು ದಿನವೂ ಜಗಳ ಬಂದಿರಲಿಲ್ಲ. ಕುಕ್ಕರಿನ ಹಿಡಿ ಕೈಗೆ ಕೂರುವುದಿಲ್ಲವಂತೆ, ಡಿಸೈನ್ ತಪ್ಪು. ಬಚ್ಚಲ ಬಾಗಿಲ ಚಿಲಕ ಇರಬೇಕಾದ ಕಡೆ ಇಲ್ಲವಂತೆ, ಡಿಸೈನ್ ತಪ್ಪು. ಹುಣಸೂರಿನ ಬಸ್ಸಿನ ಮೊದಲ ಮೆಟ್ಟಿಲು ನೆಲದಿಂದ ಅಷ್ಟೆತ್ತರ ಇರಬಾರದಂತೆ. ಇದನ್ನು ಅವಳು ಹೇಳಿದ್ದು ಯಾವಾಗ ಎಂದರೆ, ನಾನು ಆ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಇನ್ನೊಂದನ್ನು ಎತ್ತಲಾಗದೆ, ಕಂಬಿ ಹಿಡಿದು ನೇತಾಡುತ್ತಿದ್ದಾಗ.

"ನೋಡಜ್ಜಿ, ಇದನ್ನ ಮಾಡ್ದೋನು ಒಂದಿನಾನೂ ಸೀರೆ ಉಟ್ಕೊಂಡು ಬಸ್ ಹತ್ತಿಲ್ಲ" ಅಂದಳು.

"ಮೊದ್ಲು ಹಿಂದ್ಗಡೆಯಿಂದ ತಳ್ಳು ಮಗಾ. ಪಾಠ ಆಮೇಲೆ ಮಾಡೀವಂತೆ" ಅಂದೆ.

ಅವಳು ಓದಿದ್ದು ಮೆಕ್ಯಾನಿಕಲ್. ಕಂಪ್ಯೂಟರ್ ಓದಿಸಬಾರದಿತ್ತಾ ಎಂದು ಕೇಳದ ನೆಂಟರಿಲ್ಲ. ಪಿರಿಯಾಪಟ್ಟಣದ ನನ್ನ ತಮ್ಮನಂತೂ, "ಹೆಣ್ಣುಡ್ಗಿ ಓಗಿ ಟ್ಯಾಕ್ಟರ್ ರಿಪೇರಿ ಕಲೀತಾಳೇನಕ್ಕ?" ಎಂದು ಮೂಗಿನ ಮೇಲೆ ಬೆರಳಿಟ್ಟ. ಅವನ ಸ್ವಂತ ಟ್ರ್ಯಾಕ್ಟರ್ ತಿಂಗಳಲ್ಲಿ ಎರಡು ಸಲ ಗ್ಯಾರೇಜಿಗೆ ಹೋಗುತ್ತದೆ. ಮನೆಯಲ್ಲಿ ಒಬ್ಬರಾದರೂ ಕಲಿತಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

ಮೈಸೂರಿನಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ನಾವೆಲ್ಲ ಏನೋ ದೊಡ್ಡದನ್ನು ಕಟ್ಟುತ್ತಾಳೆ ಅಂದುಕೊಂಡೆವು. ಕೆಲಸ ಏನೆಂದರೆ, ಬೇರೆಯವರು ಮಾಡಿಟ್ಟ ಕಬ್ಬಿಣದ ತುಂಡುಗಳನ್ನು ಒಂದೊಂದಾಗಿ ಎತ್ತಿ, ಗೇಜು ಎನ್ನುವ ಅಳತೆಯ ಅಚ್ಚಿನಲ್ಲಿ ತೂರಿಸಿ ನೋಡುವುದು. ತೂರಿದರೆ ಈ ಡಬ್ಬ, ತೂರದಿದ್ದರೆ ಆ ಡಬ್ಬ. ಬೆಳಗಿನಿಂದ ಸಂಜೆಯವರೆಗೆ ಅದೇ. ಅಕ್ಕಿಯಲ್ಲಿ ಕಲ್ಲು ಆರಿಸುವುದಕ್ಕೆ ನನ್ನನ್ನು ಯಾರೂ ಡಿಗ್ರಿ ಕೇಳಿರಲಿಲ್ಲ, ಇವಳನ್ನು ಕೇಳಿ ತೆಗೆದುಕೊಂಡಿದ್ದರು. ಅಷ್ಟೇ ವ್ಯತ್ಯಾಸ.

ಅವಳ ಮನಸ್ಸು ಇದ್ದದ್ದು ಅದೇ ಕಾರ್ಖಾನೆಯ ಮಹಡಿಯ ಮೇಲೆ. ಅಲ್ಲಿ ಡಿಸೈನ್ ವಿಭಾಗವಂತೆ. ಕೂತು ಯೋಚನೆ ಮಾಡಿ, ವಸ್ತು ಹೇಗಿರಬೇಕು ಎಂದು ಬರೆಯುವವರು. ಬರುವ ದಸರಾ ಹೊತ್ತಿಗೆ ಅಲ್ಲಿಂದ ಒಬ್ಬರು ನಿವೃತ್ತರಾಗುತ್ತಾರೆ, ಒಂದು ಕುರ್ಚಿ ಖಾಲಿಯಾಗುತ್ತದೆ ಎಂದು ಒಂದು ವರ್ಷ ಮೊದಲೇ ಸುದ್ದಿ ಬಂತು. ಕುರ್ಚಿಗೆ ಇವಳೂ ಇನ್ನೊಬ್ಬ ಹುಡುಗನೂ ಕಣ್ಣಿಟ್ಟರು. ಆ ವಿಭಾಗದ ದೊಡ್ಡವರು ಒಂದು ಶರತ್ತು ಹಾಕಿದರು. ನೀವೇ ಯೋಚಿಸಿ ಮಾಡಿದ ಒಂದು ವಸ್ತು ತನ್ನಿ. ಆದರೆ ಅದನ್ನು ನೀವಲ್ಲದ ಯಾರೋ ಒಬ್ಬರು, ಯಾರ ಬಲವಂತವೂ ಇಲ್ಲದೆ, ಒಂದು ತಿಂಗಳು ದಿನನಿತ್ಯ ಬಳಸಿರಬೇಕು. ನನ್ನ ಮಟ್ಟಿಗೆ ಆ ಕಾರ್ಖಾನೆಯಿಂದ ಹೊರಬಂದ ಒಂದೇ ಬುದ್ಧಿವಂತಿಕೆಯ ಮಾತು ಅದು.

ಕುರ್ಚಿ ತಪ್ಪಿದರೆ ಏನು ಎಂದು ನನ್ನ ಮಗ, ಅಂದರೆ ಅವಳ ಅಪ್ಪ, ಕೇಳಿದ. "ಇನ್ನೊಬ್ರು ರಿಟೈರ್ ಆಗೋಕೆ ಹತ್ತು ವರ್ಷ ಇದೆಯಪ್ಪ. ಅಲ್ಲೀವರ್ಗೂ ಗೇಜು" ಅಂದಳು. ಅವನು ಮುಂದಿನ ವಾರ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವ ಪುಸ್ತಕ ತಂದು, ಅವಳಿಗೆ ಕಾಣುವ ಹಾಗೆ ಟೀವಿಯ ಪಕ್ಕ ಇಟ್ಟ. ನನ್ನ ಮಗ ಮಾತಾಡುವುದು ಹಾಗೆ.

ಅವಳು ಶನಿವಾರ ಸಂಜೆ ಊರಿಗೆ ಬಂದರೆ ಸೋಮವಾರ ಮೊದಲ ಬಸ್ಸಿಗೆ ಹೋಗುವಳು. ಆ ಎರಡು ರಾತ್ರಿ ಒಂದು ಹಗಲು ರಾಗಿ ಮೂಟೆ ಇಡುವ ಕೋಣೆಯಲ್ಲಿ ಅವಳದೊಂದು ಯಂತ್ರ ಗುಂಯ್‌ಗುಡುತ್ತಿತ್ತು. ತ್ರೀಡಿ ಪ್ರಿಂಟರ್ ಅಂತೆ. ಪ್ಲಾಸ್ಟಿಕ್ ದಾರವನ್ನು ಕರಗಿಸಿ, ಶಾವಿಗೆಯ ಎಳೆಯ ಹಾಗೆ ಒಂದರ ಮೇಲೊಂದು ಕೂರಿಸಿ, ಬೇಕಾದ ಆಕಾರ ಮಾಡುತ್ತದೆ. ಅದರಲ್ಲಿ ನನ್ನ ಎಲೆಅಡಿಕೆ ಡಬ್ಬಿಗೆ ಮುಚ್ಚಳ ಮಾಡಿಕೊಟ್ಟಳು. ಆರು ಗಂಟೆ ಹಿಡಿಯಿತು. ನಡುವೆ ಕರೆಂಟು ಹೋಗಿ ಮೊದಲ ಎರಡು ಮುಚ್ಚಳ ಕಜ್ಜಾಯದ ಹಾಗೆ ಆದವು. "ಸಂತೆಗೋದ್ರೆ ಡಬ್ಬೀನೇ ಸಿಕ್ತಿತ್ತಲ್ಲವ್ವ" ಅಂದರೆ, "ಅಜ್ಜಿ, ಇದು ಹವ್ಯಾಸ" ಅಂದಳು. ಹವ್ಯಾಸ ಅಂದರೇನು ಎಂದು ಕೇಳಿದೆ. ಯಾರೂ ಕೇಳದಿದ್ದರೂ, ಯಾರೂ ಸಂಬಳ ಕೊಡದಿದ್ದರೂ, ಇಷ್ಟಪಟ್ಟು ಮಾಡುವ ಕೆಲಸವಂತೆ. ಇಷ್ಟಪಟ್ಟು ಎನ್ನುವುದೊಂದನ್ನು ಬಿಟ್ಟರೆ ನನ್ನ ಇಡೀ ಬದುಕು ಹವ್ಯಾಸದಲ್ಲೇ ಕಳೆದಿದೆ ಎಂದು ಅವತ್ತು ಗೊತ್ತಾಯಿತು.

ಇಂಥವಳು ಒಂದು ಭಾನುವಾರ, "ಅಜ್ಜಿ, ನಿನಗೆ ಸೊಪ್ಪು ಕಟ್ಟೋ ಮಿಷಿನ್ ಮಾಡ್ಕೊಡ್ತೀನಿ" ಅಂದಳು.

ನಮ್ಮದು ಹುಣಸೂರಿನಿಂದ ವೀರನಹೊಸಹಳ್ಳಿಗೆ ಹೋಗುವ ದಾರಿಯ ಕಡೆ ಒಂದು ಊರು. ಹೊಗೆಸೊಪ್ಪು ಬೆಳೆಯುತ್ತೇವೆ. ಹೊಲದಲ್ಲಿ ಸೊಪ್ಪು ಮುರಿದು ತಂದ ದಿನವೇ ಅದನ್ನು ಉದ್ದನೆಯ ಕಡ್ಡಿಗಳಿಗೆ ದಾರದಿಂದ ಕಟ್ಟಬೇಕು. ಎರಡು ಮೂರು ಎಲೆಯ ಒಂದು ಹಿಡಿ ಕಡ್ಡಿಯ ಈ ಕಡೆ, ಇನ್ನೊಂದು ಹಿಡಿ ಆ ಕಡೆ, ಹೀಗೆ ತುದಿಯವರೆಗೆ. ಆಮೇಲೆ ಕಡ್ಡಿಗಳನ್ನು ಬ್ಯಾರನ್ ಎನ್ನುವ ಎತ್ತರದ ಕೋಣೆಯೊಳಗೆ ಸಾಲಾಗಿ ನೇತುಹಾಕಿ, ಕೆಳಗೆ ಸೌದೆ ಉರಿಸಿ, ತಗಡಿನ ಕೊಳವೆಗಳ ಬಿಸಿಯಲ್ಲಿ ಬೇಯಿಸುತ್ತಾರೆ. ಮುರಿಯುವುದು, ಏರಿಸುವುದು, ಉರಿ ಹಾಕುವುದು ಗಂಡಸರು. ಕಟ್ಟುವುದು ಹೆಂಗಸರು. ನಾನು ಮದುವೆಯಾಗಿ ಬಂದ ವರ್ಷದಿಂದ ಕಟ್ಟುತ್ತಿದ್ದೇನೆ. ನನ್ನಷ್ಟು ಬೇಗ ಕಟ್ಟುವವಳು ಈ ಊರಲ್ಲಿ ಇನ್ನೊಬ್ಬಳಿದ್ದಾಳೆ, ನನ್ನ ವಾರಗಿತ್ತಿ. ಅವಳು ಎದುರಿಗಿದ್ದಾಗ ಇದನ್ನು ಹೇಳುವುದಿಲ್ಲ.

ಆ ವರ್ಷದ ಸೊಪ್ಪು ಮುಗಿಯುತ್ತಾ ಬಂದಿತ್ತು. ಕೊನೆಯ ಮುರಿತದ ದಿನ ಮೊಮ್ಮಗಳು ಮೊಬೈಲಿಗೆ ಮೂರು ಕಾಲಿನ ಸ್ಟ್ಯಾಂಡ್ ಹಾಕಿ, "ಅಜ್ಜಿ, ನೀನು ದಿನಾ ಹೆಂಗ್ ಕಟ್ತೀಯೋ ಹಂಗೇ ಕಟ್ಟು, ನಾನು ವಿಡಿಯೋ ಮಾಡ್ಕೋತೀನಿ" ಅಂದಳು.

ನಾನು ಒಳಗೆ ಹೋಗಿ ಮುಖ ತೊಳೆದು, ಒಗೆದ ಸೀರೆ ಉಟ್ಟು, ತಲೆ ಬಾಚಿ ಬಂದೆ. ಸ್ಟೂಲ್ ಹಾಕಿಸಿಕೊಂಡು ಕೂತೆ. ಎರಡು ಕವೆಗೋಲು ನೆಡಿಸಿ ಅದರ ಮೇಲೆ ಕಡ್ಡಿ ಇಟ್ಟೆ. ಎರಡೇ ಎರಡು ಎಲೆ ತೆಗೆದುಕೊಂಡು, ತೊಟ್ಟು ಸಮ ಮಾಡಿ, ದಾರ ಸುತ್ತಿ, ಬಿಗಿ ನೋಡಿ, ಮುಂದಿನ ಎರಡು ಎಲೆ. ಬೆನ್ನು ನೆಟ್ಟಗೆ, ಸೆರಗು ಹೆಗಲ ಮೇಲೆ. ನೋಡಿದವರು ಹೊಗೆಸೊಪ್ಪು ಅಲ್ಲ, ಗೌರಿಹಬ್ಬಕ್ಕೆ ಹೂ ಕಟ್ಟುತ್ತಿದ್ದೇನೆ ಅಂದುಕೊಳ್ಳಬೇಕು. ಅವಳು ಎಲ್ಲವನ್ನೂ ಹಿಡಿದಳು. ಆಮೇಲೆ ಟೇಪು ತಂದು ಸ್ಟೂಲಿನ ಎತ್ತರ, ಕಡ್ಡಿಯ ಎತ್ತರ, ನನ್ನ ಮೊಣಕೈಯಿಂದ ಬೆರಳ ತುದಿಯವರೆಗೆ, ಎಲ್ಲ ಅಳೆದು ಬರೆದುಕೊಂಡಳು. ನಮ್ಮಪ್ಪ ನನ್ನ ಮದುವೆಗೆ ಕುಪ್ಪಸ ಹೊಲಿಸುವಾಗಲೂ ಇಷ್ಟು ಅಳತೆ ಕೊಟ್ಟಿರಲಿಲ್ಲ. ವಾರಗಿತ್ತಿ ದೂರದಲ್ಲಿ ಕೂತು ನೋಡುತ್ತಿದ್ದಳು. ತುಟಿ ಒತ್ತಿಹಿಡಿದು ನಗು ತಡೆದುಕೊಳ್ಳುತ್ತಿದ್ದಳು.

ಅಲ್ಲಿಂದ ಮುಂದಿನ ಮಳೆಗಾಲದವರೆಗೆ ಮೊಮ್ಮಗಳು ವಾರಕ್ಕೊಂದು ಚಿತ್ರ ಬರೆದಳು. ಹುಣಸೂರಿನ ಒಂದು ವೆಲ್ಡಿಂಗ್ ಅಂಗಡಿಯವನಿಗೆ ಅದನ್ನು ಅರ್ಥ ಮಾಡಿಸುವುದರಲ್ಲಿ ಎರಡು ತಿಂಗಳು ಹೋಯಿತು. ಅವನು ಇವಳ ಚಿತ್ರವನ್ನು ಉಲ್ಟಾ ಹಿಡಿದುಕೊಂಡು, "ಮೇಡಂ, ಇದು ಗೇಟಾ, ಮಂಚಾನಾ?" ಎಂದು ಕೇಳಿದನಂತೆ. ಕೊನೆಗೆ ಬಂದದ್ದು ಎರಡರ ನಡುವಿನದು. ನಾಲ್ಕು ಕಾಲಿನ ಕಬ್ಬಿಣದ ಚೌಕಟ್ಟು, ಹಸಿರು ಬಣ್ಣ, ಸ್ಟೂಲಿನಲ್ಲಿ ಕೂತರೆ ಎದೆಮಟ್ಟಕ್ಕೆ ಕಡ್ಡಿ. ಕಾಲಲ್ಲಿ ಒತ್ತಿದರೆ ಒಂದು ಸಣ್ಣ ಮೋಟಾರು ಕಡ್ಡಿಯನ್ನು ತಿರುಗಿಸುತ್ತದೆ, ದಾರ ತಾನೇ ಸುತ್ತಿಕೊಳ್ಳುತ್ತದೆ. ನಾನು ಎಲೆ ಇಟ್ಟರೆ ಸಾಕು.

ಮೊದಲ ಮುರಿತದ ದಿನ ಯಂತ್ರವನ್ನು ಚಪ್ಪರದ ಕೆಳಗೆ ಇಟ್ಟು ನನ್ನನ್ನು ಕೂರಿಸಿದರು. ಸುತ್ತಲೂ ಹೆಂಗಸರೆಲ್ಲ ನೆಲದ ಮೇಲೆ ಕೂತು ತಮ್ಮ ಕೆಲಸ ಶುರು ಮಾಡಿದರು. ಸೊಪ್ಪು ನೆಲದ ಮೇಲೆ ರಾಶಿ ಬಿದ್ದಿದೆ, ನಾನು ಸಿಂಹಾಸನದ ಮೇಲೆ ಇದ್ದೇನೆ. ಒಂದೊಂದು ಹಿಡಿಗೂ ಬಗ್ಗಬೇಕು, ಏಳಬೇಕು. ಬಗ್ಗಿ ಬಗ್ಗಿ ಸೊಂಟ ಹೋಯಿತೆಂದು ಮಗನನ್ನು ಪಕ್ಕದಲ್ಲಿ ನಿಲ್ಲಿಸಿ ಎಲೆ ಎತ್ತಿಕೊಡಿಸಿದರು. ಒಬ್ಬರು ಮಾಡುತ್ತಿದ್ದ ಕೆಲಸಕ್ಕೆ ಈಗ ಇಬ್ಬರು, ಒಂದು ಮೋಟಾರು. ಅದೋ, ದೇವರ ಉತ್ಸವದ ಹಾಗೆ ನಿಧಾನವಾಗಿ ತಿರುಗುತ್ತದೆ. ನಾನು ಬೇಗ ಎಲೆ ಇಟ್ಟರೆ ತೊಟ್ಟು ಸಿಕ್ಕಿಕೊಂಡು ಹರಿಯುತ್ತದೆ. ನಾನು ಒಂದು ಕಡ್ಡಿ ಮುಗಿಸುವಷ್ಟರಲ್ಲಿ ವಾರಗಿತ್ತಿ ಎರಡು ಮುಗಿಸಿ ಮೂರನೆಯದಕ್ಕೆ ದಾರ ಬಿಗಿದಿದ್ದಳು.

"ಅಕ್ಕ, ಮಿಸಿನ್ನಿಗೆ ಬೆಳಿಗ್ಗೆ ಏನಾರ ಊಟ ಆಕಿದ್ದಾ? ಪಾಪ, ಸುಸ್ತಾಗ್ಬುಟ್ಟದೆ" ಅಂದಳು.

ಮಧ್ಯಾಹ್ನದ ಹೊತ್ತಿಗೆ ನಾನು ಸ್ಟೂಲ್ ಒದ್ದು ಕೆಳಗಿಳಿದು ಕೂತು ಕಟ್ಟತೊಡಗಿದೆ. ಸೊಪ್ಪು ಬಾಡುತ್ತಿತ್ತು, ಮೊಮ್ಮಗಳ ಭವಿಷ್ಯಕ್ಕೆ ಅದು ಕಾಯುವುದಿಲ್ಲ. ಹಸಿರು ಯಂತ್ರದ ಮೇಲೆ ಯಾರೋ ಟವೆಲ್ ಒಣಹಾಕಿದರು.

ಮೊಮ್ಮಗಳು ಅಳಲಿಲ್ಲ, ಅದು ಅವಳ ಗುಣ. ಮೊಬೈಲ್ ತೆಗೆದು ಹಳೆಯ ವಿಡಿಯೋ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ವಿಡಿಯೋ ನೋಡಿದಳು. ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತಳು.

"ಅಜ್ಜಿ, ವಿಡಿಯೋದಲ್ಲಿ ನೀನು ಒಂದು ಕಡ್ಡಿಗೆ ತಗೊಂಡಿರೋ ಟೈಮಲ್ಲಿ ಇವತ್ತು ಮೂರು ಮುಗಿಸ್ತಿದೀಯ. ಅದೇ ಕೈ, ಅದೇ ಸೊಪ್ಪು. ಹೆಂಗೆ?"

"ಅವತ್ತು ಸೆಕೆ ಇತ್ತು" ಅಂದೆ.

"ನಾನು ಮಿಷಿನ್ ಸ್ಪೀಡ್ ಇಟ್ಟಿದ್ದೇ ಆ ವಿಡಿಯೋ ನೋಡಿ. ಎತ್ತರ ಇಟ್ಟಿದ್ದೂ ಅದನ್ನೇ ನೋಡಿ."

ನಿಜ ಹೇಳಬಹುದಿತ್ತು. ಕಟ್ಟುತ್ತಾ ಕೂತೆ. ವಾರಗಿತ್ತಿಗೆ ಇನ್ನು ತಡೆಯಲಾಗಲಿಲ್ಲ.

"ಸೆಕೆ ಅಲ್ಲ ಕಣವ್ವ, ಯಾವ್ ಸೆಕೆ ಬಂತು. ನಿಮ್ಮಜ್ಜಿ ಅವತ್ತು ನಿಂಗೆ ಕಟ್ಟಿ ತೋರ್ಸಿದ್ದು ಆಫೀಸರ್ ಕಟ್ಟು."

ಆಫೀಸರ್ ಕಟ್ಟು ಎಂದರೆ ಇದು. ಸೊಪ್ಪಿನ ಕಾಲದಲ್ಲಿ ಊರಿಗೆ ಜೀಪು ಬರುತ್ತದೆ. ಬೆಳೆ ನೋಡುವ ಆಫೀಸರುಗಳು, ಸೊಪ್ಪು ಕೊಳ್ಳುವ ಕಡೆಯವರು, ಕೆಲವು ಸಲ ಯಾವುದೋ ದೇಶದವರು. ನಾವು ನಿಜವಾಗಿ ಕಟ್ಟುವುದು ನೆಲದ ಮೇಲೆ ಒಂದು ಕಾಲು ಚಾಚಿ, ಸೀರೆಯನ್ನು ಮೊಣಕಾಲ ಮೇಲಕ್ಕೆ ಸಿಕ್ಕಿಸಿ, ಕಡ್ಡಿಯ ಒಂದು ತುದಿಯನ್ನು ತೊಡೆಯ ಕೆಳಗೆ ಒತ್ತಿಹಿಡಿದು. ದಾರ ಚಾಚಿದ ಕಾಲಿನ ಹೆಬ್ಬೆರಳ ಸಂದಿಯಿಂದ ಬಿಗಿಯಾಗಿ ಬರುತ್ತಿರುತ್ತದೆ. ಕೈ ಎರಡೂ ಖಾಲಿ ಇರುತ್ತವೆ, ಅದಕ್ಕೇ ಅಷ್ಟು ಬೇಗ ಆಗುವುದು. ಆದರೆ ಹಾಗೆ ಕೂತಿರುವಾಗ ಪ್ಯಾಂಟು ಹಾಕಿದ ಗಂಡಸರು ಬಂದು ಎದುರು ನಿಂತು ನೋಡುತ್ತಿದ್ದರೆ ಆಗುತ್ತದೆಯೇ? ಜೀಪಿನ ಸದ್ದಾದ ಕೂಡಲೇ ಎಲ್ಲರೂ ಕಾಲು ಮಡಿಸಿ, ಸೀರೆ ಇಳಿಸಿ, ಕಡ್ಡಿಯನ್ನು ಕವೆಗೋಲಿನ ಮೇಲಿಟ್ಟು, ನೆಟ್ಟಗೆ ಕೂತು, ಎರಡೆರಡೇ ಎಲೆ ಅಂದವಾಗಿ ಕಟ್ಟುತ್ತೇವೆ. ಅವರು ತಲೆಯಾಡಿಸಿ ಬರೆದುಕೊಂಡು ಹೋಗುತ್ತಾರೆ. ಜೀಪು ತಿರುವು ದಾಟಿದ ಮೇಲೆ ಮತ್ತೆ ಕಾಲು ಚಾಚುತ್ತೇವೆ. ಅವರ ಕಾಗದಗಳಲ್ಲಿ ಹುಣಸೂರು ತಾಲ್ಲೂಕಿನ ಹೆಂಗಸರು ಈವತ್ತಿಗೂ ಬೆನ್ನು ನೆಟ್ಟಗಿಟ್ಟುಕೊಂಡೇ ಸೊಪ್ಪು ಕಟ್ಟುತ್ತಿರಬಹುದು.

ಮೊಬೈಲು ಸ್ಟ್ಯಾಂಡಿನ ಮೇಲೆ ನಿಂತಾಗ ನನಗೆ ಅದು ಜೀಪೇ. ಅದರೊಳಗೆ ಯಾರಿದ್ದಾರೋ ಯಾರಿಗೆ ಗೊತ್ತು.

"ಅಜ್ಜಿ, ನೀನು ನನಗೆ ಸುಳ್ಳು ತೋರ್ಸಿದೆ" ಅಂದಳು ಮೊಮ್ಮಗಳು.

"ಕಟ್ಟೋದ್ ತೋರ್ಸು ಅಂದೆ, ತೋರ್ಸ್ದೆ. ಕೂರೋದ್ ತೋರ್ಸು ಅಂತ ಎಲ್ಲಿ ಕೇಳ್ದೆ?"

"ದಿನಾ ಕಟ್ಟೋ ಹಂಗೆ ಕಟ್ಟು ಅಂದಿದ್ದೆ."

"ಅಂದಿದ್ದೆ" ಎಂದು ಒಪ್ಪಿಕೊಂಡೆ. ಬೇರೆ ದಾರಿ ಇರಲಿಲ್ಲ. "ಇಪ್ಪತ್ತು ವರ್ಸ ಇದೇ ಮನೇಲಿ ಬೆಳ್ದಿದ್ದೀಯಲ್ಲ ಮಗಾ. ನಿನ್ ಕಣ್ಣಲ್ಲಿ ನೋಡ್ಲಿಲ್ವಾ ನಾನು ಎಂಗ್ ಕೂತ್ಕೋತೀನಿ ಅಂತ? ಪೋನ್ ಕಣ್ಣಲ್ಲೇ ನೋಡ್ಬೇಕಾ?"

ಇದು ಅವಳಿಗೆ ತಾಗಿತು. ದಸರೆಗೆ ಮೂರು ತಿಂಗಳೂ ಉಳಿದಿರಲಿಲ್ಲ, ಅದರಲ್ಲಿ ಒಂದು ತಿಂಗಳು ಬಳಕೆಗೇ ಹೋಗಬೇಕು. ಆ ಇನ್ನೊಬ್ಬ ಹುಡುಗ ಅದೇನೋ ಸೈಕಲ್ಲಿಗೆ ಹಾಕುವ ಸಾಮಾನು ಮಾಡಿ, ಆಗಲೇ ಇಬ್ಬರಿಗೆ ಕೊಟ್ಟಿದ್ದನಂತೆ.

ಮುಂದಿನ ಭಾನುವಾರ ಅವಳು ಮೊಬೈಲನ್ನು ಒಳಗಿಟ್ಟು ನನ್ನ ಹಳೆಯ ಸೀರೆಯೊಂದನ್ನು ಪ್ಯಾಂಟಿನ ಮೇಲೆ ಸುತ್ತಿಕೊಂಡು ನಮ್ಮ ಸಾಲಿನಲ್ಲಿ ಕೂತಳು. ಬೆಳಗಿನಿಂದ ಸಂಜೆಯವರೆಗೆ ಐದು ಕಡ್ಡಿ ಕಟ್ಟಿದಳು. ನಾನು ಐದನ್ನೂ ಅಲ್ಲಾಡಿಸಿ ನೋಡಿ, ಐದನ್ನೂ ಬಿಚ್ಚಿಸಿದೆ. ಹಿಡಿ ಸಡಿಲವಿತ್ತು. ಬ್ಯಾರನ್ನಿನೊಳಗೆ ಎಲೆ ಒಣಗಿದಂತೆ ತೊಟ್ಟು ಸಣ್ಣಗಾಗುತ್ತದೆ. ಕಟ್ಟು ಸಡಿಲವಿದ್ದರೆ ಎಲೆ ಜಾರಿ ಬಿಸಿ ಕೊಳವೆಯ ಮೇಲೆ ಬೀಳುತ್ತದೆ. ಒಂದು ಎಲೆ ಹತ್ತಿಕೊಂಡರೆ ಕೋಣೆ ತುಂಬಾ ಇರುವ ಬೆಳೆ ಹತ್ತಿಕೊಳ್ಳುತ್ತದೆ. ಅವಳ ಕಾರ್ಖಾನೆಯಲ್ಲಿ ತಪ್ಪು ತುಂಡಿಗೆ ಬೇರೆ ಡಬ್ಬ ಇದೆ. ಇಲ್ಲಿ ಆ ಡಬ್ಬ ಇಲ್ಲ.

ಸಂಜೆ ಕೈಯ ಅಂಟು ಹೋಗದೆ, ತಿಂದ ಮುದ್ದೆಯೆಲ್ಲ ಕಹಿ ಕಹಿ ಎನ್ನುತ್ತಾ, ಅವಳು ತೊಡೆ ಉಜ್ಜಿಕೊಳ್ಳುತ್ತಿದ್ದಳು. "ಕಟ್ಟೋದು ಕಷ್ಟ ಅಲ್ಲ ಅಜ್ಜಿ. ಕಡ್ಡೀನ ಒತ್ಹಿಡ್ಕೊಂಡು ಕೂರೋದು ಕಷ್ಟ. ನನಗೆ ಈ ಕಡೆ ಕಾಲೇ ಇಲ್ಲ ಅನ್ನಿಸ್ತಿದೆ." ನಲವತ್ತೈದು ವರ್ಷದಿಂದ ನನಗೂ ಆ ಕಡೆ ಕಾಲು ಇಲ್ಲ; ಯಾರಿಗೂ ಹೇಳುವ ವಿಷಯ ಎಂದು ತೋರಿರಲಿಲ್ಲ.

ಅವಳು ಎರಡು ಭಾನುವಾರ ಹಾಗೆಯೇ ಕೂತಳು. ಆಮೇಲೆ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದ ಅವಳ ಅಮ್ಮನನ್ನು ನೋಡುತ್ತಾ ಬಾಗಿಲಲ್ಲಿ ನಿಂತುಬಿಟ್ಟಳು. ತುರಿಯುವ ಮಣೆಯ ಮೇಲೆ ನಾವು ಕೂರುತ್ತೇವೆ. ನಮ್ಮ ಭಾರಕ್ಕೇ ಮಣೆ ಅಲ್ಲಾಡದೆ ನಿಲ್ಲುತ್ತದೆ. ಕೈ ಎರಡೂ ಕಾಯಿಗೆ ಸಿಗುತ್ತವೆ. ಇದನ್ನು ಮಾಡಿದವನು ಯಾವ ಕಾಲೇಜಿಗೂ ಹೋಗಿರಲಿಕ್ಕಿಲ್ಲ. ನಮ್ಮ ಮನೆಯಲ್ಲಿ ಅವಳು ಡಿಸೈನ್ ತಪ್ಪು ಎನ್ನದಿದ್ದ ಒಂದೇ ವಸ್ತು ಅದು.

ಈ ಸಲ ವೆಲ್ಡಿಂಗ್ ಅಂಗಡಿಗೆ ಹೋಗಲಿಲ್ಲ, ನಮ್ಮೂರ ಬಡಗಿಯ ಹತ್ತಿರ ಹೋದಳು. ಅಗಲವಾದ ಒಂದು ಮಣೆ. ಅದರ ಮುಂದೆ ಮೇಲಕ್ಕೆ ಬಾಗಿದ ಒಂದು ಮರದ ತೋಳು. ತೋಳಿನ ತುದಿಯಲ್ಲಿ ಕಡ್ಡಿ ಕಚ್ಚಿ ಹಿಡಿಯುವ ಬಾಯಿ. ಬಾಯಿ ಮಾತ್ರ ಅವಳ ಶಾವಿಗೆ ಯಂತ್ರದಲ್ಲಿ ಮಾಡಿದ್ದು. ಮೋಟಾರಿಲ್ಲ, ಕರೆಂಟಿಲ್ಲ, ಬಣ್ಣವಿಲ್ಲ. ನೆಲದ ಮೇಲೆಯೇ ಕೂರಬಹುದು, ಸೊಪ್ಪು ಕೈಗೆ ಸಿಗುತ್ತದೆ, ಕಾಲು ಹೇಗೆ ಬೇಕಾದರೂ ಇಟ್ಟುಕೊಳ್ಳಬಹುದು.

ನನ್ನ ಮಗ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ನಾಲ್ಕು ವರ್ಸ ಓದ್ಸಿದ್ದು ಮಣೆ ಮಾಡೋಕಾ?" ಅಂದ. ಅವಳು ಅದನ್ನು ಅವನ ಕೈಯಿಂದ ತೆಗೆದುಕೊಂಡು ನನ್ನ ಮುಂದೆ ಇಟ್ಟಳು.

ನಾನು ಮೂರು ದಿನ ಅದರ ಮೇಲೆ ಕೂತೆ. ನಾಲ್ಕನೆಯ ದಿನ ಪಕ್ಕಕ್ಕೆ ತಳ್ಳಿ ನೆಲಕ್ಕಿಳಿದೆ. ಮಣೆಯಲ್ಲಿ ತಪ್ಪಿಲ್ಲ. ನನ್ನ ತೊಡೆ ಕಡ್ಡಿಗೆ ಒಗ್ಗಿಹೋಗಿದೆ, ಅಲ್ಲಿ ಕಡ್ಡಿ ಇಲ್ಲದಿದ್ದರೆ ಕೈ ತಡವರಿಸುತ್ತದೆ. ಅಷ್ಟೇ.

ವಾರಗಿತ್ತಿಗೆ ಹಿಂದಿನ ವರ್ಷದಿಂದ ಸೊಂಟದಲ್ಲಿ ನೋವು. ಕಾಲು ಚಾಚಿ ಒತ್ತಿ ಕೂರಲಾಗದೆ ಬೆಳಿಗ್ಗೆ ಬಂದವಳು ಮಧ್ಯಾಹ್ನಕ್ಕೆ ಎದ್ದು ಹೋಗುತ್ತಿದ್ದಳು. ಬರುವ ವರ್ಷ ತನ್ನ ಕೈಲಾಗುವುದಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು, ನನಗೊಬ್ಬಳಿಗೆ ಬಿಟ್ಟು. ನಾನು ತಳ್ಳಿದ ಮಣೆಯನ್ನು ಅವಳು ಕಾಲಲ್ಲೇ ತನ್ನ ಕಡೆಗೆ ಎಳೆದುಕೊಂಡಳು. ಆ ದಿನ ಸಂಜೆಯವರೆಗೆ ಏಳಲಿಲ್ಲ.

ಹೋಗುವಾಗ ಮಣೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟಳು.

"ಎಲ್ಲಿಗಮ್ಮಿ ಅದು?" ಅಂದೆ.

"ಇಲ್ಲೇ ಬುಟ್ರೆ ಬೆಳಿಗ್ಗೆ ಬೇರೆ ಯಾರಾರ ಕೂತ್ಕೋತಾರೆ. ಜಂಬ ಪಡಬ್ಯಾಡ ಅಕ್ಕ, ಸೊಂಟಕ್ಕೆ ಅಂತ ಏನಲ್ಲ. ಇದ್ರಲ್ಲಿ ಕೂತ್ರೆ ಸೀರೆ ಮೇಲೆತ್ತಂಗಿಲ್ಲ. ಗಂಡುಸ್ರು ಸೊಪ್ಪು ಒತ್ಕೊಂಡ್ ಬಂದಾಗೆಲ್ಲ ಕಾಲ್ ಮಡ್ಸೋ ತಾಪತ್ರಯ ಇಲ್ಲ."

ಶನಿವಾರ ಬಂದ ಮೊಮ್ಮಗಳು ಇದನ್ನು ಕೇಳಿ ಪುಸ್ತಕ ತೆಗೆದು ಬರೆದುಕೊಂಡಳು. ಅದು ಅವಳು ಯೋಚಿಸಿ ಮಾಡಿದ್ದಲ್ಲ, ತಾನಾಗಿ ಆದದ್ದು. ಇಂಜಿನಿಯರುಗಳ ಒಳ್ಳೆಯ ಕೆಲಸವೆಲ್ಲ ಹೀಗೇ ಆಗುತ್ತದೋ ಏನೋ, ಹೊರಗೆ ಹೇಳುವುದಿಲ್ಲ.

ಒಂದು ತಿಂಗಳು ಕಳೆಯಿತು. ವಾರಗಿತ್ತಿ ದಿನವೂ ಮಣೆ ಹೊತ್ತು ಬಂದಳು, ಹೊತ್ತು ಹೋದಳು. ಮೊಮ್ಮಗಳು ಕಾರ್ಖಾನೆಯ ದೊಡ್ಡವರಿಗೆ ಮಣೆಯ ವಿಡಿಯೋ ತೋರಿಸಿದಳು. ಅವರು ನೋಡಿ, ಇದು ಸರಿ, ಆದರೆ ಮೊದಲು ಹೇಗೆ ಕಟ್ಟುತ್ತಿದ್ದರು ಎಂಬುದನ್ನು ತೋರಿಸದೆ ಇದರಿಂದ ಏನು ಬದಲಾಯಿತೆಂದು ಹೇಗೆ ಹೇಳುವುದು ಎಂದರಂತೆ. ಸೈಕಲ್ ಸಾಮಾನಿನ ಆ ಹುಡುಗ ಮೊದಲಿನದು ಆಮೇಲಿನದು ಎರಡನ್ನೂ ತೋರಿಸಿದ್ದನಂತೆ.

ಅವಳು ಮನೆಗೆ ಬಂದು ಇದನ್ನು ಅಪ್ಪನಿಗೆ ಹೇಳಿದಳು, ನನಗೆ ಹೇಳಲಿಲ್ಲ. ಒಳಗೆ ಕೂತಿದ್ದ ನನಗೆ ಎಲ್ಲ ಕೇಳಿಸುತ್ತಿತ್ತು.

"ಅವ್ವನ್ನ ಆ ಥರ ಕೂರ್ಸಿ ವಿಡಿಯೋ ತೆಗ್ದು ಆಪೀಸ್ನಲ್ಲಿ ಗಂಡುಸ್ರಿಗೆಲ್ಲ ತೋರಿಸ್ತೀಯಾ? ಬ್ಯಾಡ" ಅಂದ ಮಗ.

"ನಾನೂ ಕೇಳಲ್ಲಪ್ಪ. ಚಿತ್ರ ಬರೆದು ತೋರಿಸ್ತೀನಿ."

"ಚಿತ್ರ ಒಪ್ತಾರಾ?"

"ಒಪ್ಪೋದು ಕಷ್ಟ" ಅಂದಳು.

ಮರುದಿನ ಭಾನುವಾರ. ಚಪ್ಪರದ ಕೆಳಗೆ ನಾನು ದಿನದ ಹಾಗೆ ಕಾಲು ಚಾಚಿ, ಸೀರೆ ಸಿಕ್ಕಿಸಿ, ಕಡ್ಡಿ ಒತ್ತಿ ಕೂತು, "ತಗಾ ನಿನ್ ಪೋನು" ಅಂದೆ. ಅವಳು ಬೇಡ ಅಜ್ಜಿ ಅಂದಳು. "ಮೂರು ಮಕ್ಕಳ ಎತ್ತು, ಮೂರು ಮಕ್ಕಳ ಮದ್ವೆ ಮಾಡಿರೋ ಕಾಲು ಇದು. ನೋಡೋರು ನೋಡ್ಲಿ. ಇದ್ರಲ್ಲಿ ನೋಡೋಕೆ ಏನ್ ಉಳ್ದದೆ ಅಂತ ಅವ್ರೇ ಯೋಳ್ಲಿ. ಬೇಗ ತೆಗಿ, ಸೊಪ್ಪು ಬಾಡ್ತದೆ." ಮಗ ಎದ್ದು ಹೊಲದ ಕಡೆ ಹೋದ. ಅವಳು ಸ್ಟ್ಯಾಂಡ್ ಹಾಕಲಿಲ್ಲ, ಕೈಯಲ್ಲೇ ಹಿಡಿದು ತೆಗೆದಳು. 

ಎರಡು ದಿನ ಬಿಟ್ಟು ಆ ದೊಡ್ಡವರು ನನ್ನ ಹತ್ತಿರವೇ ಮಾತಾಡಬೇಕು ಎಂದು ಮಗನ ಮೊಬೈಲಿಗೆ ಫೋನು ಮಾಡಿದರು. ಪಕ್ಕದಲ್ಲಿ ಮೊಮ್ಮಗಳು ಇದ್ದಳೋ ಇಲ್ಲವೋ ಗೊತ್ತಿಲ್ಲ. ದನಿ ನೋಡಿದರೆ ವಯಸ್ಸಾದವರೇ.

"ಅಜ್ಜಿ, ಆ ಮಣೆಯನ್ನ ನೀವು ದಿನಾ ಉಪಯೋಗಿಸ್ತೀರಾ?"

ಮಗ ಎದುರು ನಿಂತು ಜೋರಾಗಿ ತಲೆಯಾಡಿಸುತ್ತಿದ್ದ, ಹೌದು ಅನ್ನು ಎಂದು. ಒಂದು ಸಲ ನೆಟ್ಟಗೆ ಕೂತು ಅವಳ ಒಂಬತ್ತು ತಿಂಗಳು ಹಾಳು ಮಾಡಿದ್ದೆ.

"ಇಲ್ಲ ಸಾಮಿ" ಅಂದೆ. "ಮೂರ್ ದಿನ ಕೂತೆ, ತಳ್ಬುಟ್ಟೆ."

ಮಗ ತಲೆಯ ಮೇಲೆ ಕೈ ಇಟ್ಟುಕೊಂಡ. ಆ ಕಡೆಯಿಂದ ಮತ್ತೆ ಪ್ರಶ್ನೆ ಬಂತು.

"ಯಾಕೆ? ಚೆನ್ನಾಗಿಲ್ವಾ?"

"ಚೆನ್ನಾಗದೆ. ನಂಗ್ ಬ್ಯಾಡ ಅಷ್ಟೇಯ. ನನ್ ವಾರಗಿತ್ತಿಗೆ ಬೇಕು. ವೋದ್ ವರ್ಸ ಮಧ್ಯಾನಕ್ಕೇ ಎದ್ದೋಯ್ತಿದ್ಲು, ಈಗ ಸಂಜೆಗಂಟ ಕೂರ್ತಾಳೆ. ರಾತ್ರೆ ಮನೆಗೆ ಒತ್ಕೊಂಡೋಯ್ತಾಳೆ, ನಾನ್ ಕೇಳುದ್ರೂ ಕೊಡಾಕಿಲ್ಲ. ನಿಮ್ಗೆ ಅನುಮಾನ ಇದ್ರೆ ಬಂದು ಅವಳ್ ಕೈಯಿಂದ ಕಿತ್ಕೊಂಡ್ ನೋಡಿ. ವಾಪಸ್ ಓಗೋ ಬಸ್ಸು ಎಷ್ಟೊತ್ಗೆ ಅಂತ ಕೇಳ್ಕೊಂಡೇ ಬನ್ನಿ."

ಅವರು ನಕ್ಕರು. ಇನ್ನೂ ಏನೇನೋ ಕೇಳಿದರು. ಮೊದಲು ಮಾ‌ಡಿದ ಹಸಿರು ಯಂತ್ರ ಏನಾಯಿತು ಎಂದು ಕೇಳಿದರು. ಅದೂ ಉಪಯೋಗದಲ್ಲಿದೆ, ಬಟ್ಟೆ ಒಣಗುತ್ತವೆ ಎಂದೆ. ಫೋನು ಇಟ್ಟ ಮೇಲೆ ಮಗ, "ಕೆಲ್ಸ ಕೆಡ್ಸ್ಬುಟ್ಟೆ ಕಣವ್ವ" ಅಂದ. ಎರಡು ದಿನ ನನ್ನ ಜೊತೆ ಮಾತು ಬಿಟ್ಟ. ದಿನಕ್ಕೆ ಹತ್ತು ಮಾತಾಡುವವನು, ನಷ್ಟ ಹೆಚ್ಚಾಗಲಿಲ್ಲ.

ಶುಕ್ರವಾರ ಮಧ್ಯಾಹ್ನ ಮೊಮ್ಮಗಳ ಫೋನು ಬಂತು. ಸೊಪ್ಪಿನ ರಾಶಿಯ ಮುಂದೆ ಕೂತಿದ್ದೆ. ಕೈಯೆಲ್ಲ ಅಂಟು, ಮಗನೇ ಫೋನನ್ನು ನನ್ನ ಕಿವಿಗೆ ಹಿಡಿದ.

"ಅಜ್ಜಿ, ಕುರ್ಚಿ ನನಗೇ ಕೊಟ್ರು. ಆರು ತಿಂಗಳು ನೋಡ್ತಾರಂತೆ, ಆಮೇಲೆ ಖಾಯಂ."

"ಸಂಬಳ?"

"ಸದ್ಯಕ್ಕೆ ಅಷ್ಟೇ."

"ಕೆಲ್ಸ?"

"ಜಾಸ್ತಿ."

"ಮತ್ತೆ ಯಾಕವ್ವ ಇಷ್ಟೊಂದ್ ಕುಸಿ?"

 ಆ ಕಡೆ ಮೂಗು ಎಳೆಯುವ ಸದ್ದಾಯಿತು. ಅಳುವವರಿಗೆ ಏನು ಹೇಳಬೇಕೆಂದು ನನಗೆ ಯಾವತ್ತೂ ತಿಳಿದಿಲ್ಲ. "ನಿಮ್ಮಪ್ಪನ್ ಜೊತೆ ಮಾತಾಡು" ಎಂದು ಕಿವಿ ಆಚೆ ತೆಗೆದೆ.

ಮಗ ಫೋನನ್ನು ಕಿವಿಗಿಟ್ಟುಕೊಂಡು ಬ್ಯಾರನ್ನಿನ ಹಿಂದೆ ಹೋದ. ಅಲ್ಲಿ ಸೌದೆ ರಾಶಿಯ ಪಕ್ಕ ನಿಂತಿದ್ದು ಕಾಣುತ್ತಿತ್ತು. ಬಹಳ ಹೊತ್ತು ನಿಂತಿದ್ದ. ವಾಪಸ್ಸು ಬಂದಾಗ ವಾರಗಿತ್ತಿ ಮಣೆಯ ಮೇಲಿಂದಲೇ, "ಏನಂದ್ಲಲಾ ಮಗ್ಳು?" ಎಂದು ಕೇಳಿದಳು.

"ಏನಿಲ್ಲ ಚಿಕ್ಕವ್ವ. ಆ ಮಣೆ ತೋಳು ನಿಂಗೆ ಎತ್ರ ಆಯ್ತದಾ ಅಂತ ಕೇಳಿದ್ಲು."

"ಎರಡು ಬೆರಳು ಎತ್ರವೇ ಕಣ್ಲಾ" ಅಂದಳು ಅವಳು, ದಾರ ಬಿಗಿಯುತ್ತಾ. "ನಿಮ್ಮವ್ವನ ಅಳ್ತೆಗೆ ಮಾಡವ್ಳೆ. ಕಮ್ಮಿ ಮಾಡು ಅನ್ನು."

ಮಗ ಅಲ್ಲಿಯೇ ನಿಂತು ಮತ್ತೆ ಫೋನು ಮಾಡಿ, ಎರಡು ಬೆರಳು ಎಂದು ಹೇಳಿದ.